ಮೂವತ್ತು ಮೀಟರಿನವರೆಗೆ ಪುಕ್ಕಟೆ

ಕಂಬದಿಂದ ಮನೆಯ ಗೋಡೆಗೆ ಮೂವತ್ತು ಮೀಟರಿನವರೆಗೆ ತಂತಿ ಪುಕ್ಕಟೆ. ಅದರಾಚೆ ಮೀಟರಿಗೆ ಐವತ್ತು ರೂಪಾಯಿ. ಹಸಿರು ದೀಪ ಮಿನುಗುವ ಪೆಟ್ಟಿಗೆಗೆ ಠೇವಣಿ ಇಡಬೇಕು, ಬೇಡವೆಂದ ದಿನ ಅದನ್ನು ವಾಪಸು ಕೊಡುತ್ತಾರೆ. ಗೋಡೆಗೆ ಹೊಡೆಯುವ ತೂತು ಪುಕ್ಕಟೆ. ನಮ್ಮ ಓಣಿಯ ಹಿಟ್ಟಿನ ಗಿರಣಿಯ ಬಾಗಿಲಿಗೆ ಅಂಟಿಸಿದ್ದ ಹಾಳೆಯಲ್ಲಿ ಹೀಗೆ ಬರೆದಿತ್ತು. ಬರೆದವನು ದೇಶದ ಯಾವ ಮೂಲೆಯಲ್ಲಿ ಕೂತು ಬರೆದನೋ, ನಮ್ಮ ಊರನ್ನಂತೂ ನೋಡಿದವನಲ್ಲ. ನೋಡಿದ್ದರೆ ತಂತಿಗೆ ದುಡ್ಡು ಕೇಳಿ ತೂತನ್ನು ಪುಕ್ಕಟೆ ಕೊಡುತ್ತಿರಲಿಲ್ಲ. ನಾವು ಹೆಂಗಸರು ಹಾಳೆಯನ್ನು ಓದಿದೆವು, ಹಿಟ್ಟು ಬೀಸಿಸಿಕೊಂಡೆವು, ಮನೆಗೆ ಬಂದೆವು.

ನನ್ನ ಹೆಸರು ಕಾಶವ್ವ. ಖಡಕ್ ರೊಟ್ಟಿ ಮಾಡಿ ಮಾರುತ್ತೇನೆ. ಮನೆಯಲ್ಲಿ ಓಡಾಡುವವರು ನಾನು ಮತ್ತು ಮಗಳು ಸುನಂದಾ, ಇಬ್ಬರೇ. ಆಗ ಮೂಡಣ ಗೋಡೆಯಲ್ಲಿ ನಮ್ಮ ಅತ್ತೆ ಸಿದ್ದವ್ವ ಇದ್ದರು, ಪಡುವಣ ಗೋಡೆಯಲ್ಲಿ ನಮ್ಮವರು. ತೆಂಕಣ ಗೋಡೆ ಪಕ್ಕದ ಮನೆಯವರಿಗೂ ನಮಗೂ ಸೇರಿದ್ದು, ಅದಕ್ಕೆ ಕೈ ಹಚ್ಚುವಂತಿಲ್ಲ. ಬಡಗಣ ಗೋಡೆಗೆ ವರ್ಷದ ಬಹುಪಾಲು ನೆಟ್ಟಗೆ ಬಿಸಿಲು ಬೀಳುವುದಿಲ್ಲವಾದ್ದರಿಂದ ಅದನ್ನು ಎಲ್ಲರ ಮನೆಯಲ್ಲೂ ಖಾಲಿ ಬಿಡುತ್ತಾರೆ, ನಮ್ಮ ಮನೆಯಲ್ಲೂ ಹಾಗೇ. ಗೋಡೆ ಕಾದರೆ ತಾನೆ ಮಾತು.

ಹೊರಗಿನವರಿಗೆ ನಮ್ಮ ಮನೆಗಳು ಬೋಳುಬೋಳಾಗಿ ಕಾಣುತ್ತವೆಯಂತೆ. ನಾವು ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಕ್ಯಾಲೆಂಡರಿಗೆ ದಾರ ಕಟ್ಟಿ ಜಂತಿಯಿಂದ ಇಳಿಬಿಡುತ್ತೇವೆ, ಗಾಳಿ ಬಂದರೆ ಇಡೀ ವರ್ಷ ಗರಗರ ತಿರುಗುತ್ತದೆ. ಸುಣ್ಣ ಬಳಿಯುವುದು ಗೋಡೆ ಆರಿದ ಮೇಲೆ, ಅದೂ ಮೊದಲೇ ಹೇಳಿ. ಕೊನೆಯ ಉಸಿರಿನ ಹೊತ್ತಿಗೆ ಮುಖ ಯಾವ ಗೋಡೆಗಿರುತ್ತದೋ, ಹೋದವರು ಆ ಗೋಡೆ ಸೇರುತ್ತಾರೆ. ಈ ಗೋಡೆಯವರು ಆಡುವುದು ದೊಡ್ಡ ಮಾತೇನಲ್ಲ. ಹಾಲು ಉಕ್ಕೀತು ನೋಡು, ಹೊರಗೆ ಯಾರು ಬಂದರು, ಒಣಹಾಕಿದ ಕಾಳು ತೆಗೆದೆಯಾ. ದನಿ ನೆಲದಡಿಯ ಕಾಳಿನ ಹಗೇವಿನೊಳಗಿಂದ ಬಂದಂತಿರುತ್ತದೆ. ಅವರು ಇರುವ ಜಾಗ ಹೇಗಿದೆ ಎಂದು ನಾವು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಮೋಡ ಕವಿದ ತಿಂಗಳುಗಳಲ್ಲಿ ಊರಿಗೆ ಊರೇ ಸುಮ್ಮನಿದ್ದು, ಮೊದಲ ಬಿಸಿಲು ಬಿದ್ದ ದಿನ ಎಲ್ಲ ಗೋಡೆಗಳೂ ಒಟ್ಟಿಗೆ ಬಾಯಿ ತೆರೆದಾಗ ಸಂತೆಯ ನಡುವೆ ನಿಂತಂತಾಗುತ್ತದೆ. ಆ ದಿನ ಶಾಲೆಗೆ ರಜೆ ಕೊಡುತ್ತಾರೆ.

ಅತ್ತೆ ಹೋದಾಗ ನಮ್ಮವರು ಬದುಕಿದ್ದರು. ಅವರು ಗೌಂಡಿ. ಹೆಸರು ಫಕೀರಪ್ಪ. ಈ ಮನೆಯನ್ನು ಅವರೇ ಕಟ್ಟಿದ್ದು. ಕೆಲಸಕ್ಕೆ ಹೊರಡುವ ಮೊದಲು ಬೆಳಗಿನ ಚಹಾ ಅವ್ವನ ಜೊತೆ ಕುಡಿಯಬೇಕೆಂದು, ಉಸಿರು ಹೋಗುವ ಹೊತ್ತಿಗೆ ತಾಯಿಯ ಮುಖವನ್ನು ಮೂಡಣಕ್ಕೆ ತಿರುಗಿಸಿದರು. ನಾಲ್ಕು ವರ್ಷ ಹಾಗೆ ಕುಡಿದರು. ಆಮೇಲೆ ಅವರಿಗೇ ಜ್ವರ ಬಂತು. ಒಂಬತ್ತನೇ ದಿನ ಇನ್ನಿಲ್ಲ ಎಂದು ಗೊತ್ತಾದಾಗ ಬಂದವರೆಲ್ಲ ಮೂಡಣಕ್ಕೇ ತಿರುಗಿಸು, ತಾಯಿ ಮಗ ಒಂದೇ ಗೋಡೆಯಲ್ಲಿರಲಿ ಎಂದರು. ಜಾಗ ಬೇಕಾದಷ್ಟಿತ್ತು. ನಾನು ಮಂಚದ ಕಾಲು ಹಿಡಿದು ಪಡುವಣಕ್ಕೆ ಎಳೆದೆ. ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿರುತ್ತೇನೆ, ತಲೆ ಎತ್ತಲು ಪುರುಸೊತ್ತಿಲ್ಲ. ಮೂರು ಗಂಟೆಯ ಮೇಲೆ ನನಗೆ ಬಿಡುವು, ಪಡುವಣಕ್ಕೆ ಬಿಸಿಲು. ಅದನ್ನು ಯೋಚಿಸಿಯೇ ಎಳೆದೆ. ಬದುಕಿದ್ದಾಗ ಆ ಮನುಷ್ಯ ಪೂರ್ತಿ ನನಗೆ ಸಿಕ್ಕವರಲ್ಲ. ಅವ್ವ ಕರೆದರೆ ಬಾಯೊಳಗಿನ ತುತ್ತು ಬಿಟ್ಟು ಎದ್ದು ಹೋಗುತ್ತಿದ್ದರು. ಸತ್ತ ಮೇಲಾದರೂ ದಿನಕ್ಕೆ ಮೂರು ತಾಸು ನನ್ನವರಾಗಿರಲಿ ಎನಿಸಿತು.

ಅತ್ತೆ ಅದನ್ನು ಮರೆಯಲಿಲ್ಲ. ಏಳು ವರ್ಷ, ಮೋಡವಿಲ್ಲದ ಪ್ರತಿ ಬೆಳಿಗ್ಗೆ, ಗೋಡೆ ಬೆಚ್ಚಗಾದೊಡನೆ ಮೊದಲು ರೊಟ್ಟಿಯ ತಪ್ಪು, ಆಮೇಲೆ ಮಗನ ವಿಚಾರ. ಮೂಡಣ ಕಾದಾಗ ಪಡುವಣ ತಣ್ಣಗಿರುತ್ತದೆ, ಪಡುವಣ ಕಾದಾಗ ಮೂಡಣ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ನಡುವೆ ನಾನು. ಬೆಳಿಗ್ಗೆ ಅತ್ತೆ ಹೇಳಿದ್ದನ್ನು ಮಧ್ಯಾಹ್ನ ಅವರಿಗೆ, ಮಧ್ಯಾಹ್ನ ಅವರು ಹೇಳಿದ್ದನ್ನು ಮರುದಿನ ಬೆಳಿಗ್ಗೆ ಅತ್ತೆಗೆ ಮುಟ್ಟಿಸಬೇಕು. ನಮ್ಮವರು ಗೋಡೆ ಕಾದ ಕೂಡಲೇ ಕೇಳುತ್ತಿದ್ದದ್ದು ಒಂದೇ: ‘ಕಾಶೀ, ಅವ್ವ ಏನಂದ್ಳು?’ ನಾನು ಬೈಗುಳ ಸೋಸಿ, ಉಳಿದದ್ದನ್ನು ಹೇಳುತ್ತಿದ್ದೆ. ಉಳಿಯುತ್ತಿದ್ದದ್ದು ಬಹಳ ಕಡಿಮೆ. ಅದು ಹೇಳಿ ಮುಗಿದ ಮೇಲೆ ಉಳಿದ ಹೊತ್ತೆಲ್ಲ ನಮ್ಮದು. ಎಂಥ ಮಾತಾಡುತ್ತಿದ್ದರು ಎಂದರೆ, ಬದುಕಿದ್ದಾಗ ಇಪ್ಪತ್ತು ವರ್ಷದಲ್ಲಿ ಆಡದೆ ಉಳಿಸಿಕೊಂಡದ್ದನ್ನೆಲ್ಲ ಆಡುತ್ತಿದ್ದರು. ನಾನು ಬೆನ್ನು ಗೋಡೆಗೆ ಕೊಟ್ಟು ಕೂರುತ್ತಿದ್ದೆ. ಇಂಥ ಮಧ್ಯಾಹ್ನಗಳನ್ನು ಕಳೆದುಕೊಂಡು ನಾನು ಬದುಕಲಾರೆ ಎಂದು ಆಗಲೇ ನನಗೆ ಗೊತ್ತಿತ್ತು.

ಇಂಟರ್ನೆಟ್ಟಿನ ಈ ಗಾಜಿನ ತಂತಿ ಊರಿಗೆ ಬಂದು ಆರು ತಿಂಗಳಲ್ಲಿ ಅರ್ಧ ಊರಿನ ಗೋಡೆಗಳಿಗೆ ತೂತು ಬಿತ್ತು. ನೀರಿನ ಪಾಳಿ ಅದರಲ್ಲೇ ಹಚ್ಚಬೇಕು, ರೇಷನ್ನಿಗೆ ಬೆರಳು ಅದರಲ್ಲೇ ಒತ್ತಬೇಕು ಎಂದಾದ ಮೇಲೆ ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಉಳ್ಳವರು ಮನೆಯನ್ನು ಸುತ್ತಿಸಿ ಬಡಗಣಕ್ಕೆ ತಂತಿ ಎಳೆಸಿದರು. ಮೀಟರು ಏರಿದರೂ ಚಿಂತೆ ಮಾಡಲಿಲ್ಲ. ಇಲ್ಲದವರ ಮನೆಯಲ್ಲಿ ಗೋಡೆ ಕಡಿಮೆ, ಗೋಡೆಯವರು ಹೆಚ್ಚು. ದರ್ಜಿ ಚನ್ನಬಸು ಬೀದಿಯ ಕಡೆಯ ಗೋಡೆಗೇ ಹೊಡೆಸಿದ. ಅದರಲ್ಲಿ ಅವನ ತಂಗಿಯಿದ್ದಳು. ಮರುದಿನ ಗೋಡೆ ಕಾಯಿತು, ಆದರೆ ಅವಳು ಮಾತಾಡಲಿಲ್ಲ. ಹತ್ತು ದಿನದ ಮೇಲೆ ಕಿರಾಣಿ ಅಂಗಡಿಯವರ ಫೋನಿನಲ್ಲಿ, ಎಣ್ಣೆ ಡಬ್ಬಿಯ ಲೆಕ್ಕ ಹೇಳುವಾಗ, ಆಕೆ ನಡುವೆ ಅಣ್ಣನನ್ನು ಕೂಗಿದಳಂತೆ. ನಮ್ಮೂರಿನ ಗೋಡೆಯವರು ತಂತಿ ಹಿಡಿದು ಹೊರಹೋದಂತೆ ಬೇರೆಲ್ಲಿಯವರೋ ಒಳಗೂ ಬಂದರು. ನಮಗೆ ತಿಳಿಯದ ಭಾಷೆಯಲ್ಲಿ ಯಾರೋ ನೀರು ಕೇಳುತ್ತಿದ್ದರು, ಯಾರೋ ಮಗುವಿಗೆ ಲಾಲಿ ಹಾಡುತ್ತಿದ್ದರು. ಈಗ ನಮ್ಮೂರಿನಲ್ಲಿ ಫೋನೆತ್ತಿದರೆ ಹಲೋ ಎನ್ನುವ ಮೊದಲು ‘ಇದ್ದವರೋ, ಹೋದವರೋ?’ ಎಂದು ಕೇಳುವ ರೂಢಿ. ಇದ್ದವರಾದರೆ ಮಾತು ಮುಂದುವರಿಯುತ್ತದೆ. ಹೋದವರಾದರೆ ತುಸು ಹೊತ್ತು ಕೇಳಿಸಿಕೊಂಡು ಇಡಬೇಕು, ಥಟ್ಟನೆ ಇಡುವುದು ಸರಿಯಲ್ಲ.

ನಮ್ಮ ಮನೆಗೆ ಅದು ಬಂದದ್ದು ರೊಟ್ಟಿಯಿಂದ. ಊರ ಹೊರಗಿನ ಹುಡುಗಿಯರ ಹಾಸ್ಟೆಲಿಗೆ ದಿನಕ್ಕೆ ಮುನ್ನೂರು ರೊಟ್ಟಿ ಬೇಕಾಗಿತ್ತು. ಮನೆಯಲ್ಲಿ ತಂತಿ ಇದ್ದವರಿಗೆ ಮಾತ್ರ ಕೊಡುತ್ತಾರೆ. ದಿನದ ಎಣಿಕೆ ಅದರಲ್ಲೇ ಬರುತ್ತದೆ, ಒಲೆಯ ಮುಂದಿನ ಸ್ವಚ್ಛತೆಯನ್ನು ಅವರು ಅದರಲ್ಲೇ ನೋಡುತ್ತಾರೆ. ಸುನಂದಾಳಿಗೆ ಇಪ್ಪತ್ತೊಂದು ವರ್ಷ. ಅಪ್ಪನ ಹಾಗೆ ಕಡಿಮೆ ಮಾತು, ಹಿಡಿದದ್ದು ಬಿಡುವುದಿಲ್ಲ. ಬಡಗಣದ ಸಂದಿಯ ಮನೆಯವರ ಹತ್ತಿರ ಹೋಗಿ, ಅವರ ಹಿತ್ತಿಲಲ್ಲಿ ಒಂದು ಕಬ್ಬಿಣದ ಗಳ ನೆಡಲು ಒಪ್ಪಿಸಿಕೊಂಡು ಬಂದಳು. ತಂತಿ, ಗಳ, ಎಲ್ಲ ಸೇರಿ ನಾಲ್ಕು ಸಾವಿರ ದಾಟುತ್ತಿತ್ತು. ‘ಹೋಗ್ಲಿ ಬಿಡವಾ, ಅಜ್ಜಿ ಇರ್ತಾಳ, ಅಪ್ಪನೂ ಇರ್ತಾನ. ತಿಂಗಳದಾಗ ದುಡಿತೀವಿ’ ಎಂದಳು. ಜೋಳದ ಡಬ್ಬಿಯ ತಳದಲ್ಲಿ ದುಡ್ಡಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವೆಂದು ಸುಳ್ಳು ಹೇಳಿ ಯಾರ ಕನಿಕರವೂ ನನಗೆ ಬೇಡ. ದುಡ್ಡಿತ್ತು.

ತಂತಿಯ ಕೆಲಸದ ದಾವಲಸಾಬ ಬರುವ ದಿನ ಬೆಳಿಗ್ಗೆ ಸುನಂದಾ ಕಾಗದಕ್ಕೆ ಸಹಿ ಮಾಡಲು ಹಾಸ್ಟೆಲಿಗೆ ಹೋದಳು. ನಾನು ಹೆಂಚಿನ ಮುಂದೆ ಕೂತಿದ್ದೆ. ಏಳು ಗಂಟೆಗೆ ಗೋಡೆ ಬಾಯಿ ಬಿಟ್ಟಿತು.

‘ಅಂಚು ಹಸಿ ಅದಾವು. ವಾಸನಿ ಬರಾಕತ್ತೇತಿ.’

‘ಇಲ್ರೀ ಅತ್ತಿ, ಸುಟ್ಟಾವು.’

‘ನನಗ ಹೇಳ್ತಿ? ಇಂಥಾ ರೊಟ್ಟಿ ತಿಂದ ನನ್ನ ಮಗ ಹೋದ.’ ಅಷ್ಟಕ್ಕೇ ಬಿಡದೆ ಮತ್ತೆ ಅಂದರು: ‘ಹೋದಾವನ್ನ ನನ್ನ ಹಂತೇಕ ಬಿಡಬೇಕಿಲ್ಲೋ? ಮಂಚ ಎಳದಿ. ಆವತ್ತು ಮಂಚ ಎಳದ ಸಪ್ಪಳ ನನಗ ಕೇಳಿಸೇತಿ. ನಿನಗ ಎಂದ ಬಿಸಿಲ ಬೀಳ್ತೈತಿ ನೋಡ್ತೀನಿ.’

ರೊಟ್ಟಿಯ ಮಾತಿಗೆ ನನಗೆ ಸಿಟ್ಟು ಬರುವುದಿಲ್ಲ. ಮಂಚದ ಮಾತಿಗೆ ಬಂತು, ಯಾಕೆಂದರೆ ಅದು ನಿಜ. ಕೈಯಲ್ಲಿದ್ದ ರೊಟ್ಟಿ ಹೆಂಚಿನ ಮೇಲೆ ಕರಿಯಾಯಿತು. ಸಿಟ್ಟು ಮಧ್ಯಾಹ್ನದವರೆಗೆ ಇಳಿಯಲಿಲ್ಲ.

ದಾವಲಸಾಬ ನಮ್ಮೂರಿನವನೇ, ಐವತ್ತು ದಾಟಿದವನು. ಹನ್ನೆರಡರಿಂದ ಎರಡರ ನಡುವೆ ಮಾತ್ರ ತೂತು ಹೊಡೆಯುತ್ತಾನೆ. ಆ ಹೊತ್ತಿಗೆ ಮೂಡಣ ಆರಿರುತ್ತದೆ, ಪಡುವಣ ಇನ್ನೂ ಕಾದಿರುವುದಿಲ್ಲ, ಊರಿನ ಗೋಡೆಗಳೆಲ್ಲ ಸುಮ್ಮನಿರುತ್ತವೆ. ಆದರೂ ಕಿವಿಗೆ ಅರಳೆ ತುಂಬಿಕೊಳ್ಳುತ್ತಾನೆ. ಇನ್ನೊಂದು ಅವನದೇ ಪದ್ಧತಿ, ಮನೆಯವರನ್ನು ಮೂರು ಸಲ ಕೇಳದೆ ಯಂತ್ರ ಮುಟ್ಟುವುದಿಲ್ಲ. ಬೀದಿಯಲ್ಲಿ ನಿಂತು ಕಂಬ ನೋಡಿ, ಮನೆ ನೋಡಿ, ‘ಬಡಗಣಕ್ಕ ಅಂತ ಹೇಳ್ಯಾಳ್ರಿ ನಿಮ್ಮ ಮಗಳು. ಸುತ್ತ ಹಾಕ್ಕೊಂಡ ಬರಬೇಕು. ಗಳಾ ತಂದೀನಿ’ ಎಂದ.

‘ಸುತ್ತ್ಯಾಕ? ಮೂಡಣಕ್ಕ ಹೊಡಿ’ ಎಂದೆ.

ಅವನು ಅರಳೆ ಕೈಯಲ್ಲೇ ಹಿಡಿದು ನಿಂತ. ‘ಖಾಲಿ ಐತೇನ್ರಿ?’

‘ಖಾಲಿ.’

‘ನಿಮ್ಮ ಅತ್ತಿಯಾರು ಇದ್ರಲ್ರಿ, ಯಾವುದರಾಗ?’

‘ಪಡುವಣದಾಗ. ಇಬ್ಬರೂ ಅಲ್ಲೇ ಅದಾರ, ತಾಯಿ ಮಗ.’

‘ಮೂರನೇ ಸಲ ಕೇಳ್ತೀನ್ರಿ ಬಾಯಾರ. ಮೂಡಣ ಖಾಲಿ?’

‘ಖಾಲಿ ಐತಿ, ಹೊಡಿ’ ಎಂದೆ. ಕಂಬದಿಂದ ಮೂಡಣಕ್ಕೆ ಹದಿನೆಂಟು ಮೀಟರು. ಒಂದು ರೂಪಾಯಿ ಖರ್ಚಾಗಲಿಲ್ಲ. ಗೋಡೆಯಲ್ಲಿ ದೀಪವಿಡುವ ಮಾಡದ ಪಕ್ಕದಲ್ಲಿ ಹೆಬ್ಬೆರಳು ಹೋಗುವಷ್ಟು ತೂತು ಬಿತ್ತು. ಕೆಳಗೆ ಹಾಸಿದ್ದ ಗೋಣಿಯ ಮೇಲೆ ಒಂದು ಹಿಡಿ ಮಣ್ಣು ಬಿತ್ತು, ಅಷ್ಟೇ. ಕೂಗು ಕೇಳೀತೆಂದು ನಾನು ಹಿತ್ತಿಲಿಗೆ ಹೋಗಿ ನಿಂತಿದ್ದೆ. ಏನೂ ಕೇಳಲಿಲ್ಲ. ಒಳಗೆ ಬಂದಾಗ ಪೆಟ್ಟಿಗೆಯ ಹಸಿರು ದೀಪ ಹೊತ್ತಿತ್ತು. ದಾವಲಸಾಬ ಮಣ್ಣನ್ನು ಗೋಣಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಚಹಾ ಬೇಡವೆಂದು ಹೋದ.

ಸುನಂದಾ ಸಂಜೆ ಬಂದಳು. ತಂತಿ ಎಲ್ಲಿಂದ ಬಂದಿದೆ ಎಂದು ಬೀದಿಯಿಂದಲೇ ಕಾಣುತ್ತಿತ್ತು. ಚಪ್ಪಲಿ ಬಿಟ್ಟಳು, ಕಾಲು ತೊಳೆದಳು, ತೂತಿನ ಸುತ್ತ ಬೆರಳಾಡಿಸಿದಳು. ಮರುದಿನ ಬೆಳಿಗ್ಗೆ ನನಗಿಂತ ಮೊದಲು ಎದ್ದು ಮೂಡಣ ಗೋಡೆಯ ಮುಂದೆ ಚಹಾ ಹಿಡಿದು ಕೂತಳು. ಬಿಸಿಲು ಬಂತು, ಗೋಡೆ ಕಾಯಿತು. ಚಹಾ ಆರಿಹೋಯಿತು. ಆಕೆ ಎದ್ದು ಲೋಟ ತೊಳೆದು ರೊಟ್ಟಿ ಕಟ್ಟಲು ಕೂತಳು. ನಾನು ಆ ಮುಂಜಾನೆ ನೂರಾ ಇಪ್ಪತ್ತು ರೊಟ್ಟಿ ಬಡಿದೆ. ಯಾರೂ ಒಂದಕ್ಕೂ ಹೆಸರಿಡಲಿಲ್ಲ. ಹಗುರಾಗಬೇಕಿತ್ತು, ಆಗಲಿಲ್ಲ. ಬಡಿಯುವಾಗ ಮೂರ್ನಾಲ್ಕು ಸಲ ಕೈ ತಾನಾಗಿ ನಿಂತಿತು.

ಮಧ್ಯಾಹ್ನ ಮೂರಕ್ಕೆ ನಮ್ಮವರು ಕೇಳಿದರು: ‘ಕಾಶೀ, ಅವ್ವ ಏನಂದ್ಳು?’

ಇವರಿಗೆ ತಿಳಿದರೆ ನನ್ನ ಜೊತೆ ಮಾತು ಮುಗಿಯಿತು ಎಂಬುದು ನನಗೆ ಸ್ಪಷ್ಟವಿತ್ತು. ‘ಅಂಚು ಹಸಿ ಅಂದ್ರು’ ಎಂದೆ. ಗೋಡೆಯೊಳಗೆ ನಕ್ಕರು. ‘ಅದು ಬಿಡೂದಿಲ್ಲ ನೋಡಾಕಿ’ ಎಂದರು. ಆ ದಿನ ಹೇಗೋ ದಾಟಿತು. ಮರುದಿನ ಎಳ್ಳು ಕಡಿಮೆ ಅಂದರು ಎಂದೆ, ಅದರ ಮರುದಿನ ಒಲೆಗೆ ಹಸಿ ಕಟ್ಟಿಗೆ ಇಟ್ಟಿದ್ದಕ್ಕೆ ಬೈದರು ಎಂದೆ. ಮೊದಲು ಏಳು ವರ್ಷ ಬೈಗುಳ ತೆಗೆದು ಹೇಳುತ್ತಿದ್ದವಳು, ಈಗ ದಿನಕ್ಕೊಂದು ಬೈಗುಳವನ್ನು ನಾನೇ ಹುಟ್ಟಿಸಿ ಹೇಳತೊಡಗಿದೆ. ಬೆಳಿಗ್ಗೆ ರೊಟ್ಟಿ ಬಡಿಯುತ್ತ ಇವತ್ತು ನನ್ನ ತಪ್ಪು ಏನು ಎಂದು ಯೋಚಿಸುವುದು ರೂಢಿಯಾಯಿತು.

ಎರಡನೇ ವಾರ ಹಾಸ್ಟೆಲಿನ ಮೇಲ್ವಿಚಾರಕಿ ಲೈನಿನಲ್ಲಿ ಎಣಿಕೆ ಹೇಳುತ್ತಿದ್ದವಳು ನಿಲ್ಲಿಸಿದಳು. ‘ಕಾಶವ್ವಾರ, ನಿಮ್ಮ ಕಡೆ ಯಾರೋ ವಯಸ್ಸಾದಾಕಿ ನಡುವ ಬಾಯಿ ಹಾಕ್ತಾರಲ್ರಿ. ರೊಟ್ಟಿ ಹಸಿ ಅದಾವಂತ, ತಗೋಬ್ಯಾಡ್ರಿ ಅಂತಾರ.’

‘ಲೈನಿನ ಗದ್ದಲರಿ ಅದು’ ಎಂದೆ.

‘ಹೋದವರೇನ್ರಿ?’ ಎಂದು ಮೆಲ್ಲಗೆ ಕೇಳಿ, ಪಾಪ, ತುಸು ಹೊತ್ತು ಕೇಳಿಸಿಕೊಂಡೇ ಇಟ್ಟಳು.

ನನಗೂ ಕೇಳಿಸಿತು. ಮೂಡಣ ಕಾಯುವ ಹೊತ್ತಿಗೆ ಸರಿಯಾಗಿ, ಫೋನಿನಲ್ಲಿ ಯಾವುದೋ ಹೋಟೆಲಿನವನ ಮಾತು ನಿಂತ ಸಂದಿನಲ್ಲಿ, ಅತ್ತೆಯ ದನಿ. ಬೈಗುಳವಲ್ಲ. ‘ಕಾಶವ್ವಾ, ಇಲ್ಲಿ ಬಾಗಲಾ ಎಲ್ಲೈತಿ?’ ಎಂದಿತು. ನನ್ನ ಕೈಯಿಂದ ಫೋನು ಹಿಟ್ಟಿನಲ್ಲಿ ಬಿತ್ತು. ಎತ್ತಿ ಒರೆಸಿ ಕಿವಿಗಿಟ್ಟಾಗಲೂ ಇತ್ತು. ‘ಗ್ವಾಡಿನ ಇಲ್ಲಲ್ಲ ಇಲ್ಲಿ. ಎಲ್ಲಿ ಕೈ ಇಟ್ರೂ ಗ್ವಾಡಿ ಸಿಗವಲ್ದು. ಕಾಶವ್ವಾ, ಅದಿ ಏನ?’ ಅತ್ತೆ ನನ್ನನ್ನು ಹೆಸರು ಹಿಡಿದು ಕರೆದದ್ದು ಮದುವೆಯಾದ ಮೇಲೆ ಅದೇ ಮೊದಲು. ಹೂಂ ಎನ್ನಬೇಕಿತ್ತು. ಹೋಟೆಲಿನವನು ಮತ್ತೆ ಮಾತಾಡತೊಡಗಿದ, ನಾನು ಎಷ್ಟು ರೊಟ್ಟಿ ಎಂದು ಕೇಳಿದೆ.

ಆಮೇಲೆ ದೂರವಾಗುತ್ತ ಹೋದರು. ಎರಡು ದಿನದ ಹಾದಿಯ ಒಂದು ಪಟ್ಟಣದಿಂದ ರೊಟ್ಟಿ ಕೇಳಿ ಫೋನು ಮಾಡಿದವನೊಬ್ಬ, ನಿಮ್ಮೂರಿಗೆ ಯಾವ ಬಸ್ಸು ಹೋಗುತ್ತದೆ ಎಂದು ಒಬ್ಬ ಅಜ್ಜಿ ನಮ್ಮ ಲೈನಿನಲ್ಲಿ ಕೇಳುತ್ತಿದ್ದಳು, ನಿಮ್ಮವಳೇನು ಎಂದ. ಅದಾದ ಮೇಲೆ ಒಮ್ಮೆ, ಎಷ್ಟೋ ಪರಭಾಷೆಯ ಮಾತುಗಳ ಹಿಂದೆ, ಅತ್ತೆ ನಮ್ಮವರ ಹೆಸರು ಹಿಡಿದು ಕರೆದಂತೆ ಕೇಳಿಸಿತು. ಮತ್ತೆ ಕೇಳಿಸಲಿಲ್ಲ. ಪ್ರತಿ ಬೆಳಿಗ್ಗೆ ಏಳಕ್ಕೆ ನಾನು ಫೋನು ಕಿವಿಗಿಟ್ಟು ಕೂರುತ್ತಿದ್ದೆ. ಸುನಂದಾ ನೋಡಿ ಬೇರೆ ಕಡೆ ತಿರುಗುತ್ತಿದ್ದಳು.

ಗುಟ್ಟು ಕಾಯುವಲ್ಲಿ ನಾನು ಮಾಡಿದ ತಪ್ಪನ್ನು ಬೇರೆ ಯಾವ ಊರಿನ ಸೊಸೆಯೂ ಮಾಡಲಾರಳು. ಒಂದು ಮಧ್ಯಾಹ್ನ ನಾನು ದಣಿದಿದ್ದೆ. ಮುನ್ನೂರು ರೊಟ್ಟಿ ಬಡಿದು ಮುಂಗೈ ಊದಿತ್ತು. ಹಾಸ್ಟೆಲಿನ ಹುಡುಗಿಯರು ರೊಟ್ಟಿ ಹೊಗಳಿ ಒಂದು ಚೀಟಿ ಕಳಿಸಿದ್ದರು, ಅದು ಸೆರಗಿನ ಗಂಟಿನಲ್ಲಿತ್ತು. ನಮ್ಮವರು ಎಂದಿನಂತೆ ಅವ್ವ ಏನಂದಳು ಎಂದರು. ಬೈಗುಳ ಹುಟ್ಟಿಸಲು ಮನಸ್ಸು ಬರಲಿಲ್ಲ. ಒಂದು ದಿನವಾದರೂ ಆ ಬಾಯಿಂದ ಒಂದು ಒಳ್ಳೆಯ ಮಾತು ಬಂದಿದ್ದರೆ ಎಂದು ಇಪ್ಪತ್ತೇಳು ವರ್ಷದಿಂದ ನನಗೆ ಆಸೆಯಿತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ.

‘ಕಾಶಿ ರೊಟ್ಟಿ ಭಾಳ ಚಲೋ ಮಾಡ್ತಾಳಂದ್ರು’ ಎಂದೆ. ‘ಇಷ್ಟ ತೆಳ್ಳಗ ನನಗೂ ಬರ್ತಿದ್ದಿಲ್ಲ ಅಂದ್ರು.’

ಗೋಡೆ ಸುಮ್ಮನಾಯಿತು. ಬಿಸಿಲು ಹಾಗೇ ಇತ್ತು, ನನ್ನ ಬೆನ್ನಿಗೆ ಕಾವು ತಾಗುತ್ತಿತ್ತು. ಆಮೇಲೆ ಕೇಳಿದರು:

‘ಅವ್ವ ಯಾವಾಗ ಹೋದ್ಳು?’

ನಾನು ಅಳತೊಡಗಿದೆ. ಎಲ್ಲ ಹೇಳಿದೆ. ಹಾಸ್ಟೆಲು, ಹದಿನೆಂಟು ಮೀಟರು, ದಾವಲಸಾಬ ಮೂರು ಸಲ ಕೇಳಿದ್ದು, ಡಬ್ಬಿಯಲ್ಲಿ ದುಡ್ಡಿದ್ದದ್ದು, ಮಂಚ ಎಳೆದದ್ದು ಕೂಡ. ಬೈದಾರು ಎಂದು ಕಾದೆ. ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

‘ತೂತು ಎಲ್ಲಿ ಹೊಡಸೀದಿ?’

‘ಮಾಡದ ಬಾಜೂಕ.’

‘ಅಲ್ಲಿ ನಾ ಸಣ್ಣ ಕಲ್ಲು ತುಂಬೀದ್ದೆ’ ಎಂದರು. ‘ಮಣ್ಣ ಜಾಸ್ತಿ. ಸರಳ ಹೋಗಿರ್ತೈತಿ.’ ಕೆಲಸದ ಮಾತಾಡುವಾಗಿನ ದನಿಯೇ ಅದು. ಮತ್ತೆ ಕೇಳಿದರು: ‘ಎಷ್ಟ ದೂರ ಹೋಗ್ಯಾಳ?’

‘ಗೊತ್ತಿಲ್ರೀ. ಮದಲ ಹಾಸ್ಟೆಲಿನಾಗ ಇದ್ರು. ಈಗ ಕೇಳಸವಲ್ರು.’

‘ಆಕಿಗೆ ಒಬ್ಬಾಕಿಗೆ ಬಸ್ ಹತ್ತಾಕ ಬರೂದಿಲ್ಲ, ಕಾಶೀ. ತವರಮನಿಗೂ ನಾನ ಕರಕೊಂಡ ಹೋಗ್ತಿದ್ದೆ.’

ನೆರಳು ಗೋಡೆಯ ಬುಡದಿಂದ ಮೇಲೇರುತ್ತಿತ್ತು. ದನಿ ಸಣ್ಣದಾಗುತ್ತ ಬಂತು. ಆರುವ ಮೊದಲು ಅವರು ಅಂದದ್ದು ಇಷ್ಟು: ‘ನನ್ನ ಗ್ವಾಡಿಗೂ ಒಂದು ತೂತು ಹೊಡಸು. ನಾ ಹೋಗಿ ಹುಡಕ್ತೀನಿ.’

ಮರುದಿನ ನಾನು ದಾವಲಸಾಬನನ್ನು ಕಂಡೆ. ಮೂಡಣದ ಪೆಟ್ಟಿಗೆಯಿಂದ ಪಡುವಣಕ್ಕೆ ತಂತಿ ಒಯ್ದರೆ ಏನಾಗುತ್ತದೆ ಎಂದು ಮಾತ್ರ ಕೇಳಿದೆ. ಬಹಳ ಖರ್ಚು ಬರುತ್ತದೆ ಎಂದರೆ ಅದನ್ನೇ ಅವರಿಗೆ ಹೇಳೋಣ ಎಂದಿತ್ತು ಮನಸ್ಸಿನಲ್ಲಿ. ಅವನು ಟೇಪು ಹಿಡಿದು ಪಡಸಾಲೆ ಅಳೆದ. ಹನ್ನೆರಡು ಮೀಟರು. ‘ಅಲ್ಲಿಗೆ ಮೂವತ್ತಕ್ಕ ಮೂವತ್ತು. ಅದೂ ಪುಕ್ಕಟೇನ ಬರ್ತೈತ್ರಿ’ ಎಂದ. ಟೇಪು ಸುತ್ತುತ್ತ ಪಡುವಣ ಗೋಡೆಯನ್ನೂ ನನ್ನನ್ನೂ ನೋಡಿದ. ಈ ಸಲ ಅವನು ಖಾಲಿಯೇ ಎಂದು ಒಮ್ಮೆಯೂ ಕೇಳಲಿಲ್ಲ. ಹೇಳಿ ಕಳಿಸ್ರಿ, ಬರ್ತೀನಿ ಎಂದು ಹೋದ.

‘ಹೇಳೀ ಏನ?’ ಎಂದರು ಆ ಮಧ್ಯಾಹ್ನ.

‘ಹೇಳೀನ್ರಿ. ನಾಳೆ ಬರ್ತಾನಂತ.’

ಮರುದಿನವೂ ನಾಳೆ ಎಂದೆ. ಅದರ ಮರುದಿನವೂ. ಗೋಡೆ ಕಾದಾಗಿನಿಂದ ಆರುವವರೆಗೆ ಈಗ ಅವರಿಗೆ ಒಂದೇ ಮಾತು. ನಾನು ಊಟ ಮಾಡಿದೆನೇ ಎಂದು ಕೇಳುವುದಿಲ್ಲ, ಮುಂಗೈ ಹೇಗಿದೆ ಎಂದು ಕೇಳುವುದಿಲ್ಲ. ಬಂದನೇ, ಎಷ್ಟು ಹೊತ್ತಿಗೆ, ಯಂತ್ರ ತಂದನೇ. ನಾನು ಹುಡುಗಿಯರ ಚೀಟಿ ಓದಿ ಹೇಳಿದೆ. ಸುನಂದಾಳಿಗೆ ಗಂಡು ನೋಡುವ ಮಾತೆತ್ತಿದೆ. ‘ಹೂಂ. ನಾಳೆ ಬರ್ತಾನಲ್ಲ?’ ಎಂದರು. ಅಷ್ಟು ವರ್ಷ ಕಾದು ಪಡೆದ ಮೂರು ತಾಸು ಪೂರ್ತಿ ಅವ್ವನದಾಯಿತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಹೆದರಿಕೆ ಬಂತು. ಸುನಂದಾ ಆ ಹೊತ್ತಿಗೆ ಗಿರಣಿಯಲ್ಲಿರುತ್ತಾಳೆ. ಒಂದು ದಿನ ಬೇಗ ಬಂದು ಅಪ್ಪನ ಮಾತು ಕೇಳಿದರೆ ಆಕೆ ನಾಳೆ ಎನ್ನುವವಳಲ್ಲ, ಅದೇ ದಿನ ದಾವಲಸಾಬನನ್ನು ಕರೆತರುವವಳು.

ಹಾಸ್ಟೆಲಿನ ಮೊದಲ ತಿಂಗಳ ದುಡ್ಡು ಬಂದ ದಿನ ನಾನು ಸಂತೆಯಿಂದ ತಗಡು ತಂದೆ. ಬೆಳಿಗ್ಗೆಯೇ, ಪಡುವಣಕ್ಕೆ ಬಿಸಿಲು ಬರುವ ಮೊದಲು, ಗೋಡೆಯಿಂದ ಒಂದು ಮೊಳ ಹೊರಗೆ ಗಳ ನೆಡಿಸಿ, ಮಾಳಿಗೆಯ ಅಂಚಿನಿಂದ ನೆಲದವರೆಗೆ ತಗಡು ಕಟ್ಟಿಸಿದೆ. ಕೂಲಿಯವರು ಇದೇನವ್ವ ಎಂದರು, ಗೋಡೆ ಬಿರುಕು ಬಿಡುತ್ತಿದೆ ಎಂದೆ. ಮೂರು ಗಂಟೆ ಆಯಿತು, ನಾಲ್ಕಾಯಿತು. ತಗಡು ಕೈ ಇಡಲಾಗದಷ್ಟು ಕಾಯಿತು. ಗೋಡೆ ತಣ್ಣಗೆ ನಿಂತಿತ್ತು. ನಮ್ಮ ಮನೆಯಲ್ಲಿ ಅಂಥ ಮಧ್ಯಾಹ್ನ ಹಿಂದೆಂದೂ ಇರಲಿಲ್ಲ. ಪೆಟ್ಟಿಗೆಯ ಸಣ್ಣ ಗುಂಯ್ ಶಬ್ದ ಅಡುಗೆಮನೆಯವರೆಗೆ ಕೇಳಿಸುತ್ತಿತ್ತು.

ಸುನಂದಾ ಬಂದು ತಗಡು ನೋಡಿದಳು. ‘ಅಪ್ಪಗ ಬಿಸಿಲು ತಡಕೊಳ್ಳಾಕ ಆಗವಲ್ದಂತ’ ಎಂದೆ. ಆಕೆ ತಲೆಯಾಡಿಸಿದಳು. ಎರಡು ದಿನ ಕಳೆದು, ರೊಟ್ಟಿ ಕಟ್ಟುತ್ತ, ತಲೆ ಎತ್ತದೆ ಕೇಳಿದಳು:

‘ಅವ್ವಾ, ನಿನ್ನ ಮಾರಿ ಯಾವ ಕಡೆ ತಿರಗಸ್ಲಿ?’

‘ಈಗ ಯಾಕದು?’

‘ಈಗಲ್ಲ. ಮುಂದ ಯಾವಾಗರ.’

‘ಪಡುವಣಕ್ಕ’ ಎಂದೆ. ‘ನಿಮ್ಮಪ್ಪನ ಹಂತೇಕ.’

‘ಅಲ್ಲಿ ತಗಡ ಐತಲ್ಲ’ ಎಂದಳು, ಮತ್ತೆ ರೊಟ್ಟಿ ಕಟ್ಟತೊಡಗಿದಳು.

ಅವರು ಎಲ್ಲಿಗೂ ಹೋಗಿಲ್ಲ. ನನಗೆ ಅಷ್ಟು ಸಾಕು ಎಂದು ಹೇಳಿಕೊಳ್ಳುತ್ತೇನೆ. ಮೂರು ಗಂಟೆಗೆ ಈಗಲೂ ಹೋಗಿ, ತಗಡಿಗೂ ಗೋಡೆಗೂ ನಡುವಿನ ಸಂದಿನಲ್ಲಿ ಮುದುಡಿ ಕೂರುತ್ತೇನೆ. ದಿನದ್ದೆಲ್ಲ ಹೇಳುತ್ತೇನೆ, ಎಷ್ಟು ರೊಟ್ಟಿ ಹೋದವು, ಯಾರ ಮನೆಗೆ ಹೊಸದಾಗಿ ತಂತಿ ಬಂತು, ಯಾರ ಗೋಡೆ ಸುಮ್ಮನಾಯಿತು. ಕೆಲವು ದಿನ ಗಾಳಿ ಜೋರಾಗಿ ಕೆಳಗಿನ ತಗಡು ಏಳುತ್ತದೆ. ಆಗ ಅಂಗೈ ಅಗಲದ ಬಿಸಿಲು ಗೋಡೆಗೆ ಬೀಳುತ್ತದೆ, ಒಂದೆರಡು ಮಾತಿಗೆ ಆಗುವಷ್ಟು ಕಾಯುತ್ತದೆ.

‘ಕಾಶೀ, ನಾಳೆ ಏನ?’

‘ಹೂಂ ರೀ, ನಾಳೆ’ ಎಂದು ಎರಡೂ ಕೈಯಿಂದ ತಗಡನ್ನು ಒತ್ತಿ ಹಿಡಿಯುತ್ತೇನೆ, ಗೋಡೆ ಆರುವವರೆಗೆ.